ನನ್ನ ಮೇಲೂ ಹೊಟ್ಟೆಕಿಚ್ಚು

ಓಟದ ಪಂದ್ಯದಲ್ಲಿ ಗೆದ್ದ ಹಿತ್ತಾಳೆ ಲೋಟ ಹಿಡಿದು ತಂಗಿ ಓಡುತ್ತಲೇ ಮನೆಯೊಳಗೆ ಬಂದಳು. ನಾನು ಮಲಗಿದ್ದೆ, ಅವ್ವ ನನ್ನ ಕಾಲು ಒತ್ತುತ್ತಿದ್ದಳು. ನಿಜಾಮರ ಆಳ್ವಿಕೆ ಮುಗಿದು, ಸುರಪುರದ ನಮ್ಮ ಉರ್ದು ಶಾಲೆ ಕನ್ನಡ ಶಾಲೆಯಾದ ಹೊಸತು ಅದು. ನನಗೆ ಅರ್ಧ ಕೊಡ ನೀರು ಎತ್ತಿದರೂ ದಿನವೆಲ್ಲ ಮಲಗುವಷ್ಟು ಸುಸ್ತು. ಹಕೀಮರು ರಕ್ತ ಕಮ್ಮಿ ಎಂದಿದ್ದರು. ಅದು ಹುಟ್ಟಿನಿಂದಲೇ ಬಂದ ರಕ್ತದ ಕಾಯಿಲೆ ಎಂದು ತಿಳಿದದ್ದು ದೊಡ್ಡವಳಾದ ಮೇಲೆ.

ತಂಗಿಯ ಧೂಳು ಮೆತ್ತಿದ ಕಾಲು ನೋಡಿ ನನ್ನ ಹೊಟ್ಟೆ ಉರಿಯಿತು. ಗೋಡೆಯ ಕಡೆ ಹೊರಳಿದೆ.

“ಯವ್ವಾ, ನಾ ಗೆದ್ದೀನಿ, ನೋಡಬೇ!” ಎಂದಳು ತಂಗಿ.

“ತಡಿಯವ್ವಾ, ಅಕ್ಕಗ ಕಾಲು ಭಾಳ ಸೆಳ್ಯಾಕತ್ತಾವ,” ಎಂದಳು ಅವ್ವ, ತಲೆ ಎತ್ತದೆ.

ತಂಗಿ ಲೋಟ ಎಸೆದು ಅಳತೊಡಗಿದಳು. “ಯಾವಾಗ ನೋಡಿದ್ರೂ ಅಕ್ಕಾನ! ಅಕ್ಕನ ಜಡ್ಡು ನನಗ ಬರಬೇಕಿತ್ತು. ಆವಾಗರ ನನ್ನ ಕಾಲು ಒತ್ತತಿದ್ದಿ.”

ನಾನು ದಂಗಾಗಿ ತಿರುಗಿ ನೋಡಿದೆ. ಅವ್ವ ಅವಳನ್ನು ಪಕ್ಕಕ್ಕೆ ಎಳೆದುಕೊಂಡು, ಆ ಧೂಳುಗಾಲುಗಳನ್ನೇ ತೊಡೆಯ ಮೇಲಿಟ್ಟು ಒತ್ತತೊಡಗಿದಳು. ಓಟವೂ ಅವಳದೇ, ಈಗ ಅವ್ವನ ಕೈಯೂ ಅವಳದೇ ಎಂದು ನನಗೆ ಮತ್ತಷ್ಟು ಸಂಕಟವಾಯಿತು.

ಸುಸ್ತು ಇಂದಿಗೂ ಬಿಟ್ಟಿಲ್ಲ, ತಂಗಿ ಸರಸರ ನಡೆದರೆ ಈಗಲೂ ಒಳಗೊಳಗೇ ಉರಿಯುತ್ತದೆ. ಆದರೆ ಆ ದಿನದವರೆಗೆ ನನ್ನನ್ನು ಕಂಡವರೆಲ್ಲ ‘ಅಯ್ಯೋ ಪಾಪ’ ಎಂದವರೇ. ನನ್ನ ಮೇಲೆ ಹೊಟ್ಟೆಕಿಚ್ಚು ಪಟ್ಟ ಮೊದಲ ಜೀವ ಅವಳು. ಅದು ನೆನಪಾದರೆ ಈ ವಯಸ್ಸಿನಲ್ಲೂ ನನ್ನ ಬೆನ್ನು ನೆಟ್ಟಗಾಗುತ್ತದೆ.