ಅಣ್ಣ ಇಳಿಸಿದ ಎಂಜಿನ್

ಯುದ್ಧಕ್ಕೆ ಹೋಗುವ ಮೊದಲು ನಮ್ಮಣ್ಣ ಊಟಕ್ಕೆ ಕೂತಲ್ಲಿಂದಲೇ ಬೀದಿಯಲ್ಲಿ ಹೋಗುವ ಮೋಟಾರುಗಳ ಕಾಯಿಲೆ ಹೇಳುತ್ತಿದ್ದ. ಇದರ ಪ್ಲಗ್ಗೊಂದು ಸತ್ತಿದೆ, ಅದರ ವಾಲ್ವು ಸಡಿಲ ಎನ್ನುತ್ತಿದ್ದ. ಅಪ್ಪನಿಗೆ ಅದು ಹೆಮ್ಮೆ. ಗರುಡಾಚಾರ್‌ಪಾಳ್ಯದಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನ ನಮ್ಮದು. ಅಪ್ಪನೊಬ್ಬ ಹೊಲವನ್ನು ತಮ್ಮನಿಗೆ ಬಿಟ್ಟು ಬೆಂಗಳೂರಿನ ದಂಡು ಪ್ರದೇಶಕ್ಕೆ ಬಂದು ಡ್ರೈವರಾದ. ಸೀಮೆಗೆ ವಾಪಸು ಹೊರಟ ಇಂಗ್ಲಿಷ್ ದೊರೆಯೊಬ್ಬರ ಹಳೆಯ ಕಾರು ಕೊಂಡು ಹಲಸೂರಿನಲ್ಲಿ ಬಾಡಿಗೆಗೆ ಓಡಿಸುತ್ತಿದ್ದ.

ಅಣ್ಣ ಸೈನ್ಯದ ವರ್ಕ್‌ಶಾಪು ಸೇರಿ ಬರ್ಮಾ ಕಡೆ ಹೋದ. ಯುದ್ಧ ಮುಗಿದ ಮೇಲೆ ಬಂದಾಗ ಮೈಕೈ ಎಲ್ಲ ನೆಟ್ಟಗಿತ್ತು. ಆದರೆ ಅವ್ವ ಹಿಂದಿನಿಂದ ಕರೆದರೆ ಅವನು ತಿರುಗುತ್ತಿರಲಿಲ್ಲ. ರಿಪೇರಿ ಮಾಡುತ್ತಿದ್ದ ಲಾರಿಯ ಪಕ್ಕದಲ್ಲೇ ಬಾಂಬು ಬಿದ್ದಿತ್ತೆಂದು ಅವ್ವನಿಗೆ ಒಮ್ಮೆ ಹೇಳಿದನಂತೆ. ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿಗೆ ಕೂಗಿದರೆ ಮಾತ್ರ ಕೇಳುತ್ತಿತ್ತು. ಕೇಳಿಸುವುದಿಲ್ಲವೆಂದು ಅವನು ನಮಗೆ ಹೇಳಲಿಲ್ಲ, ನಾವೂ ಆ ಮಾತೆತ್ತಲಿಲ್ಲ. ಅವನ ಎದುರಿಗೆ ನಿಂತು, ಬಾಯಿ ಕಾಣುವಂತೆ ಮಾತಾಡುವುದನ್ನು ಮಾತ್ರ ರೂಢಿ ಮಾಡಿಕೊಂಡೆವು.

ಆ ಸಮಯಕ್ಕೇ ಕಾರಿನ ಎಂಜಿನ್ನು ಟಕಟಕ ಎಂದು ಬಡಿಯಲು ಶುರುಮಾಡಿತು. ವಯಸ್ಸಾದ ಕಾರು, ಸದ್ದು ಒಳಗಿನದೋ ಹೊರಗಿನದೋ ಗೊತ್ತಾಗುತ್ತಿರಲಿಲ್ಲ. ಅಪ್ಪ ಬೇರೆ ಯಾರಿಗೂ ತೋರಿಸಲಿಲ್ಲ. ಮಗ ಬಂದಿದ್ದಾನಲ್ಲ, ಅವನೇ ನೋಡಲಿ ಎಂದ. ಅಣ್ಣ ಅಂಗಳದಲ್ಲಿ ಬಾನೆಟ್ಟು ಎತ್ತಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಎಡಗಿವಿಗೆ ಇಟ್ಟುಕೊಂಡ. ಆಮೇಲೆ ಪ್ಲಗ್ಗಿನ ತಂತಿಗಳನ್ನು ಒಂದೊಂದಾಗಿ ಕಿತ್ತು ನೋಡಿದ. ಯಾವ ತಂತಿ ಕಿತ್ತಾಗ ಬಡಿತ ತಗ್ಗುತ್ತದೋ ಅಲ್ಲಿನ ಬೇರಿಂಗು ಹೋಗಿದೆ ಎಂದು ಅರ್ಥ. ಅವನ ತಂಗಿ ನಾನು ಪಕ್ಕದಲ್ಲೇ ನಿಂತಿದ್ದೆ. ಯಾವುದನ್ನು ಕಿತ್ತರೂ ಸದ್ದು ಒಂದಿಷ್ಟೂ ಬದಲಾಗಲಿಲ್ಲ. ಅಪ್ಪನ ಮುಖ ನೋಡಿದೆ. ಅದು ಬೇರಿಂಗಿನ ಸದ್ದಲ್ಲವೆಂದು ಅವನಿಗೂ ಗೊತ್ತಾಗಿತ್ತು.

"ಬೇರಿಂಗ್ ಹೋಗಿದೆ, ಕ್ರ್ಯಾಂಕೂ ಸವೆದಿರುತ್ತೆ. ಎಂಜಿನ್ನೇ ಬದಲಾಯಿಸ್ಬೇಕಪ್ಪ," ಎಂದ ಅಣ್ಣ. ಬಿಚ್ಚಿ ನೋಡೋಣವಾ ಎಂದು ಅಪ್ಪ ಮೆಲ್ಲಗೆ ಕೇಳಿದ್ದಕ್ಕೆ, ಮಿಲಿಟರಿಯಲ್ಲಿ ಇಂಥವು ಎಷ್ಟೋ ನೋಡಿದ್ದೇನೆ ಎಂದು ಬಾನೆಟ್ಟು ಮುಚ್ಚಿದ.

ಆ ಸಂಜೆ ಅಪ್ಪ ಅವ್ವನ ಹತ್ತಿರ ತನ್ನ ಅನುಮಾನ ಹೇಳಿದ. ಡೈನಮೋ ಸಡಿಲವಾಗಿದ್ದರೂ ಹೀಗೆಯೇ ಬಡಿಯುತ್ತದೆ, ಅದನ್ನು ತಿರುಗಿಸುವ ಬೆಲ್ಟನ್ನು ಬಿಚ್ಚಿ ಒಮ್ಮೆ ಸ್ಟಾರ್ಟ್ ಮಾಡಿದರೆ ಸಾಕು, ತಿಳಿದುಹೋಗುತ್ತದೆ ಎಂದ. ಹಾಗಾದರೆ ಬಿಚ್ಚಿ ನೋಡಬಾರದಾ ಎಂದಳು ಅವ್ವ.

"ನಾನು ಬಿಚ್ಚಿದ್ರೆ ಅವನ ಮಾತು ನಂಬ್ಲಿಲ್ಲ ಅಂತಾಗುತ್ತೆ ಕಣೇ. ಬಂದಾಗ್ಲಿಂದ ಇವತ್ತೇ ಅವನು ಕೆಲಸಕ್ಕೆ ಕೈ ಹಾಕಿರೋದು."

ಆಗ ಬ್ಲಾಕ್‌ಪಲ್ಲಿ ಎನ್ನುತ್ತಿದ್ದ ಶಿವಾಜಿನಗರದ ಗುಜರಿಯಲ್ಲಿ ಅದೇ ಜಾತಿಯ ಎಂಜಿನ್ನೊಂದು ಸಿಕ್ಕಿತು. ಹಿತ್ತಲ ಹುಣಸೆಮರದ ಕೊಂಬೆಗೆ ಸರಪಳಿ ಕಟ್ಟಿ ಅಣ್ಣ ಹಳೆಯದನ್ನು ಇಳಿಸಿದ. ಅಷ್ಟು ಗೆಲುವಾಗಿ ಅವನನ್ನು ನೋಡಿ ವರ್ಷಗಳಾಗಿದ್ದವು. ಗ್ರೀಸು ಮೆತ್ತಿದ ಕೈಯಲ್ಲೇ ರೊಟ್ಟಿ ತಿನ್ನುತ್ತಿದ್ದ, ಅವ್ವನನ್ನು ಛೇಡಿಸುತ್ತಿದ್ದ. ಹಳೆಯ ಎಂಜಿನ್ನನ್ನು ತೆರೆದೂ ನೋಡದೆ ಗುಜರಿಯವನ ಗಾಡಿಗೆ ಹೇರಿಸಿದ. ಫ್ಯಾನು, ಡೈನಮೋ ಚೆನ್ನಾಗಿವೆ ಎಂದು ಅವನ್ನೇ ಹೊಸ ಎಂಜಿನ್ನಿಗೆ ಜೋಡಿಸಿದ.

ಮೊದಲ ಸವಾರಿಗೆ ಮನೆಯವರೆಲ್ಲ ಕೆ.ಆರ್.ಪುರದ ಕಡೆ ಹೊರಟೆವು. ಹಲಸೂರು ದಾಟುವುದರೊಳಗೆ ಅದೇ ಟಕಟಕ. ಅಣ್ಣ ಸ್ಟೀರಿಂಗು ಹಿಡಿದು, ಪಕ್ಕದಲ್ಲಿದ್ದ ಅಪ್ಪನ ಕಡೆ ತಿರುಗಿ, ಹೆಂಗಿದೆಯಪ್ಪ ಎಂದು ಕೇಳಿದ.

"ಸದ್ದೇ ಇಲ್ಲ ಕಣೋ," ಎಂದ ಅಪ್ಪ.

ಅವ್ವ ಹೌದೆಂದು ತಲೆಯಾಡಿಸಿದಳು. ನಾನು ಹೊರಗೆ ಹೊಲಗಳನ್ನು ನೋಡುತ್ತ ಕೂತೆ.

ರಿಚರ್ಡ್ಸ್ ಟೌನಿನಲ್ಲಿ ನಿವೃತ್ತಿಯಾಗಿದ್ದ ತಮಿಳು ಟೀಚರಮ್ಮ ಒಬ್ಬರಿದ್ದರು. ಭಾನುವಾರ ಅವರನ್ನು ಚರ್ಚಿಗೆ ಕರೆದೊಯ್ಯುವುದು ನಮ್ಮ ಕಾರೇ. ಆ ಭಾನುವಾರ ಅಣ್ಣ ಹೋಗಿದ್ದ. ಬಂದವನು ಊಟಕ್ಕೆ ಕೂರಲಿಲ್ಲ. ಸೀದಾ ಬಾನೆಟ್ಟು ಎತ್ತಿ ಬೆಲ್ಟ್ ಬಿಚ್ಚಿದ. ಸ್ಟಾರ್ಟ್ ಮಾಡಿ ನನ್ನನ್ನು ಕರೆದು ಎದುರಿಗೆ ನಿಲ್ಲಿಸಿಕೊಂಡ.

"ಈಗ ಸದ್ದಿದೆಯಾ? ನಿಜ ಹೇಳು."

"ಇಲ್ಲಣ್ಣ. ನಿಂತಿದೆ."

ಬೆಲ್ಟ್ ಹಾಕಿ ಮತ್ತೆ ಕೇಳಿದ. ಇದೆ ಎಂದೆ. ಅವನು ಡೈನಮೋ ಬಿಚ್ಚಿ, ಬೆಲ್ಟ್ ಸುತ್ತುವ ಅದರ ಗಾಲಿಯನ್ನು ಬೆರಳಲ್ಲಿ ಅಲ್ಲಾಡಿಸಿ ನೋಡಿದ. ಗಾಲಿ ಕೂರುವ ಜಾಗ ಸವೆದು ಹೋಗಿತ್ತು. ಸಂಜೆಯೊಳಗೆ ಸರಿಮಾಡಿಬಿಟ್ಟ. ಆಮೇಲೆ ಜಗಲಿಯ ಮೇಲೆ ಕೂತಿದ್ದ ಅಪ್ಪನ ಮುಂದೆ ಬಂದು ನಿಂತ. ಟೀಚರಮ್ಮ ಕಾರಿನಿಂದಿಳಿದು, ಎಂಜಿನ್ ಹೊಸದು, ಸದ್ದು ಮಾತ್ರ ಹಳೇದೇ ಇದೆಯಲ್ಲಪ್ಪ ಎಂದಿದ್ದರಂತೆ. ಹಳೆಯದಾಗಿ ಉಳಿದಿದ್ದು ಫ್ಯಾನು, ಡೈನಮೋ ಮಾತ್ರ.

"ಎಂಜಿನ್ ವಿಷಯದಲ್ಲಿ ನಾನು ತಪ್ಪಿದೆ, ಅದಿರ್ಲಿ. ಸದ್ದಿಲ್ಲ ಅಂದ್ಯಲ್ಲಪ್ಪ ನೀನು. ಇನ್ಮೇಲೆ ಯಾರ ಮಾತು ನಂಬ್ಲಿ ನಾನು?"

ಮರುದಿನ ಅಣ್ಣ ಗುಜರಿಗೆ ಹೋಗಿ ಹಳೆಯ ಎಂಜಿನ್ನನ್ನು ಕೇಳಿದನಂತೆ. ಅದನ್ನು ಆಗಲೇ ಒಡೆದು ಎರಕಕ್ಕೆ ಕಳಿಸಿದ್ದರು.

ಮರುವಾರ ಪಕ್ಕದ ಬೀದಿಯವರೊಬ್ಬರು ತಮ್ಮ ಕಾರು ತಂದಾಗ, ಅಣ್ಣ ತಾನಾಗಿಯೇ ನನ್ನನ್ನು ಕರೆದ. ನಾನು ಕೇಳಿ ಹೇಳುವುದು, ಅವನು ನೋಡಿ ತೀರ್ಮಾನಿಸುವುದು. ಗಡಸು ಸದ್ದೋ ಮೆತ್ತನೆಯದೋ, ಬಿಸಿಯಾದ ಮೇಲೆ ಹೆಚ್ಚುತ್ತದೋ, ಏರಿನಲ್ಲಿ ಬರುತ್ತದೋ ಎಂದು ಕೇಳುತ್ತ ನನಗೆ ಎಲ್ಲ ಕಲಿಸಿದ. ಬಿಚ್ಚಿ ನೋಡದೆ ಯಾವ ಎಂಜಿನ್ನನ್ನೂ ಇಳಿಸಲಿಲ್ಲ. ಕೆಲಸ ಬರತೊಡಗಿತು. ನಾನೂ ಒಬ್ಬರಿಗೆ ಬೇಕಾದವಳು ಎಂದು ನನಗೆ ಅನ್ನಿಸಿದ ಕಾಲ ಅದು.

ಅಷ್ಟರಲ್ಲಿ ಮಾರತ್ತಹಳ್ಳಿಯಿಂದ ನನಗೆ ಗಂಡು ಬಂತು. ನೀರಾವರಿ ಜಮೀನಿದ್ದ ಮನೆ, ಬೇಡವೆನ್ನಲು ಯಾರಿಗೂ ಕಾರಣ ಸಿಗಲಿಲ್ಲ. ನಾನು ಹೋದರೆ ನಿನ್ನ ಕೆಲಸ ಹೇಗೆ ಎಂದು ಅಣ್ಣನನ್ನು ಕೇಳಿದೆ. ಹುಚ್ಚಿ, ಹೋಗು ಎಂದ. ನಾನು ಹೋದ ಮೇಲೆ ಶಿವಾಜಿನಗರದಲ್ಲಿ ಟೈರಿಗೆ ತೇಪೆ ಹಾಕುವ ಅಂಗಡಿ ಸೇರಿದ. ಅಲ್ಲಿ ಕಿವಿಯ ಅಗತ್ಯವಿರಲಿಲ್ಲ.

ಒಮ್ಮೆ ನನ್ನನ್ನು ನೋಡಲು ಬಂದಿದ್ದ. ಬಾವಿಯ ಹತ್ತಿರ ಮಾವನವರ ನೀರೆತ್ತುವ ಎಂಜಿನ್ನು ಓಡುತ್ತಿತ್ತು. ಅದರ ಅದುರು ಅವನ ಕಾಲಿಗೆ ತಿಳಿಯಿತೇನೋ, ಹೆಂಗೆ ಓಡ್ತಿದೆ ಎಂದು ಕಣ್ಣಲ್ಲೇ ಕೇಳಿದ. ನಡುನಡುವೆ ಒಂದು ಬಡಿತ ತಪ್ಪುತ್ತಿದೆ ಎಂದೆ. ಅವನು ಅಂಗಿಯ ತೋಳು ಮಡಿಸುತ್ತ ಎದ್ದ. ಮಾವ ಬಂದು, ನೆಂಟರು ಕೈ ಕೊಳೆ ಮಾಡಿಕೊಳ್ಳಬೇಡಿ, ನಮ್ಮ ಮಿಸ್ತ್ರಿ ಬರ್ತಾನೆ, ಕೂತ್ಕೊಳ್ಳಿ ಎಂದರು. ಅಣ್ಣನಿಗೇ ಗೊತ್ತಾಗುತ್ತೆ ಮಾವ, ನಾನು ಕೇಳಿ ಹೇಳ್ತೀನಿ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂತು. ಮಾವನೆದುರು ಸೊಸೆಯರು ಮಾತಾಡುವ ಮನೆಯಾಗಿರಲಿಲ್ಲ ಅದು. ಅಣ್ಣ ಮಡಿಸಿದ ತೋಳನ್ನು ಇಳಿಸಿಕೊಂಡು ಕೂತ. ನಾನು ಮಜ್ಜಿಗೆ ತರಲು ಒಳಗೆ ಹೋದೆ.