ಹಂಪವ್ವ ಕೂರಲು ಕಲಿತಿದ್ದು

ನಮ್ಮ ಪಕ್ಕದ ಮನೆಯ ಹಂಪವ್ವ ಹದಿನೇಳು ವರ್ಷ ನಿಂತಿದ್ದಳು. ಇದು ಅಲಂಕಾರಕ್ಕೆ ಹೇಳಿದ ಮಾತಲ್ಲ. ಬೆಳಿಗ್ಗೆ ಒಂಬತ್ತರ ಬಸ್ಸಿಗೆ ಹರಿಹರದಿಂದ ದಾವಣಗೆರೆಗೆ ಹೋಗಿ, ಮಂಡಿಪೇಟೆಯ ಸೀರೆ ಅಂಗಡಿಯೊಂದರ ಮಹಡಿ ಹತ್ತಿದರೆ, ಅಂಗಡಿ ಬಾಗಿಲು ಹಾಕುವವರೆಗೆ ನಿಂತೇ ಇರಬೇಕು. ಮಧ್ಯಾಹ್ನ ಗೋಡೌನಿನಲ್ಲಿ ಬುತ್ತಿ ಬಿಚ್ಚಿ ಉಣ್ಣುವ ಇಪ್ಪತ್ತು ನಿಮಿಷ ಬಿಟ್ಟರೆ ಕೂರುವಂತಿಲ್ಲ. ಗಿರಾಕಿ ಇದ್ದಾಗಲೂ ಇಲ್ಲ, ಇಲ್ಲದಾಗಲೂ ಇಲ್ಲ. ಮೆಟ್ಟಿಲು ಹತ್ತಿ ಬಂದವರ ಕಣ್ಣಿಗೆ ಕೆಲಸದವರು ಕೂತಿದ್ದು ಬಿದ್ದರೆ ಆ ದಿನ ವ್ಯಾಪಾರ ಕುದುರುವುದಿಲ್ಲ ಎಂಬುದು ಮಾಲೀಕ ನಾಗಭೂಷಣ್ ಅವರ ನಂಬಿಕೆ. ಮೂಲೆಯಲ್ಲಿ ಕ್ಯಾಮೆರಾ ಬೇರೆ ಇತ್ತು.

ನಾನು ನುಜತ್, ಬ್ಲೌಸ್ ಹೊಲಿಯುವವಳು. ನನ್ನದು ಕೂತು ಮಾಡುವ ಕೆಲಸ. ಭಾನುವಾರ ಹಂಪವ್ವ ನಮ್ಮ ಕಟ್ಟೆಯ ಮೇಲೆ ಕಾಲು ಚಾಚಿ ಕೂತರೆ ಮೊಣಕಾಲಿನ ಹಿಂದೆ ನರ ಗಂಟು ಗಂಟಾಗಿ ನೀಲಿಗಟ್ಟಿದ್ದು ಕಾಣುತ್ತಿತ್ತು. "ಬಿಡೇ ಮಾರಾಯ್ತಿ ಆ ಕೆಲಸ. ನನ್ನ ಹತ್ರ ಬರೋ ಸೀರೆಗಳಿಗೆಲ್ಲ ಕುಚ್ಚು ಹಾಕು, ಕೈತುಂಬ ಕೆಲಸ ಐತೆ" ಎಂದು ಎಷ್ಟು ಸಲ ಬೈದಿದ್ದೇನೋ ಲೆಕ್ಕವಿಲ್ಲ. ಸೆರಗಿನ ತುದಿಗೆ ರೇಷ್ಮೆ ದಾರದ ಕುಚ್ಚು ಕಟ್ಟುವುದರಲ್ಲಿ ಅವಳ ಬೆರಳು ಬಲು ಚುರುಕು. "ಬಿಡ್ತೀನಕ್ಕ, ದೀಪಾವಳಿ ಸೀಜನ್ ಒಂದು ಮುಗೀಲಿ" ಅನ್ನುತ್ತಿದ್ದಳು. ದೀಪಾವಳಿ ಮುಗಿದರೆ ಮದುವೆ ಸೀಜನ್, ಅದು ಮುಗಿಯುವಷ್ಟರಲ್ಲಿ ಇನ್ನೊಂದು.

ಅವಳಪ್ಪ ತೀರಿಕೊಂಡ ಮೂರನೇ ದಿನಕ್ಕೆ ಅಂಗಡಿಯಿಂದ ಫೋನ್ ಬಂತು. ಕಣ್ಣೊರೆಸಿಕೊಂಡು ಹೋದಳು. ನಿಂತೂ ನಿಂತೂ ನರ ಊದಿಕೊಂಡಿವೆ ಎಂದು ಡಾಕ್ಟರು ಹೇಳಿದರು. ಬಿಗಿ ಸಾಕ್ಸ್ ಏರಿಸಿಕೊಂಡು ಹೋದಳು. ನನಗೆ ಮಾಲೀಕರಿಗಿಂತ ಇವಳ ಮೇಲೇ ಹೆಚ್ಚು ಸಿಟ್ಟು ಬರುತ್ತಿತ್ತು. ಅದು ನನ್ನ ತಪ್ಪು ಎಂದು ಈಗ ಒಪ್ಪಿಕೊಳ್ಳುತ್ತೇನೆ. ದಿನಾ ಬೈಗುಳ ತಿನ್ನುವವರು ಬೇಗ ಕೆಲಸ ಬಿಡಬಹುದು. ನಾಗಭೂಷಣ್ ಬೈಯುತ್ತಿರಲಿಲ್ಲ. "ಹಂಪವ್ವ ನಮ್ಮ ಮನೆ ಮಗಳಿದ್ದಂಗೆ" ಅನ್ನುತ್ತಿದ್ದರು. ಬಿಡುವುದು ಅದಕ್ಕೇ ಕಷ್ಟವಾಗಿತ್ತು.

ಹೋದ ವರ್ಷ ಅವಳ ಮಗಳು ಚೈತ್ರಾಗೆ ಉಕ್ಕಡಗಾತ್ರಿಯ ಹುಡುಗ ಮಾರುತಿಯೊಂದಿಗೆ ಮದುವೆ ಗೊತ್ತಾಯಿತು. ಮದುವೆಯ ಜವಳಿ ತರಲು ಎರಡೂ ಕಡೆಯ ಹೆಂಗಸರು ಒಟ್ಟಿಗೆ ಹೋಗುವುದು ಇವರ ರೂಢಿ. ಗಂಡಿನ ಕಡೆಯವರು ಹೆಣ್ಣಿನ ತಾಯಿಗೆ ಒಂದು ಸೀರೆ ತೆಗೆಯಬೇಕು, ಅದನ್ನು ಆಕೆ ಎಲ್ಲರ ನಡುವೆ ಕೂತು ತಾನೇ ಆರಿಸಬೇಕು. ಆ ಒಂದು ದಿನ ಆಕೆಯೇ ದೊಡ್ಡ ಮನುಷ್ಯಳು. ಬೇರೆ ಅಂಗಡಿಗೆ ಹೋಗೋಣವೆಂದು ನಾನು ಬಡಕೊಂಡೆ. "ನಮ್ಮಂಗಡಿ ಬಿಟ್ಟು ಬ್ಯಾರೆ ಕಡೆ ಹೋದ್ರೆ ಅಣ್ಣಾರು ಏನಂದ್ಕಂತಾರಕ್ಕ?" ಎಂದು ಹಂಪವ್ವ ಅಲ್ಲಿಗೇ ಕರೆದೊಯ್ದಳು. ಬ್ಲೌಸ್ ಪೀಸು ನೋಡಲು ನಾನೂ ಜೊತೆಗೆ ಹೋದೆ.

ನಾಗಭೂಷಣ್ ಚಹಾ ತರಿಸಿದರು. "ಬರ್ರಿ, ಕೂಡ್ರಿ. ಹಂಪವ್ವನ ಬೀಗರು ಅಂದ್ರೆ ನಮ್ಮ ಬೀಗರೇ" ಎಂದು ಬಾಯ್ತುಂಬ ಮಾತಾಡಿಸಿದರು. ಬಿಳಿ ಗಾದಿಯ ಮೇಲೆ ನಾವೆಲ್ಲ ಕೂತೆವು. ಮುಡಿತುಂಬ ಮಲ್ಲಿಗೆ ಮುಡಿದ ಹಂಪವ್ವ ಮಾತ್ರ ಕಂಬದ ಹತ್ತಿರ ನಿಂತಿದ್ದಳು. ಮಾರುತಿಯ ತಾಯಿ ದುರುಗವ್ವ ಅವಳ ಕೈ ಹಿಡಿದು ಜಗ್ಗಿ ತನ್ನ ಪಕ್ಕ ಕೂರಿಸಿಕೊಂಡರು. ಕೂತಿದ್ದೋ ಕುಕ್ಕರಿಸಿದ್ದೋ ಅನ್ನುವ ಹಾಗೆ ಅಂಚಿನಲ್ಲಿ ಕೂತಳು.

ಜೊತೆ ಕೆಲಸದ ಆಶಾ ಒಂದೊಂದೇ ಸೀರೆ ಬಿಚ್ಚಿ ಹಾಸಿದಳು. ಹುಡುಗಿಯ ಸೀರೆ ಆಯಿತು, ತಾಯಿಯ ಸರದಿ ಬಂತು. ಗಿಳಿಹಸಿರು ಒಡಲು, ಕುಂಕುಮ ಬಣ್ಣದ ಅಂಚಿನದೊಂದನ್ನು ದುರುಗವ್ವ ಎತ್ತಿ ಹಂಪವ್ವನ ಹೆಗಲಿಗೆ ಹೊದಿಸಿದರು. ಹಂಪವ್ವ ಕನ್ನಡಿ ನೋಡಿಕೊಂಡಳು. ಸಾವಿರಾರು ಸೀರೆಗಳನ್ನು ಆ ಹೆಗಲ ಮೇಲೆ ಹಾಕಿ ಬೇರೆಯವರಿಗೆ ತೋರಿಸಿದ್ದಳು, ತನಗೆಂದು ನೋಡಿಕೊಂಡಿದ್ದು ಅದೇ ಮೊದಲು. ಮುಖ ಅರಳಿತು, ನನಗೂ ಸಂತೋಷವಾಯಿತು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಯಾರೋ ನಾಲ್ಕು ಜನ ಮೇಲೆ ಬಂದರು. ಹಂಪವ್ವ ಥಟ್ಟನೆ ಎದ್ದಳು. ಸೀರೆ ಹೆಗಲಿಂದ ಜಾರಿ ಬಿತ್ತು, ಅದನ್ನೇ ದಾಟಿಕೊಂಡು ಮುಂದೆ ಹೋದಳು. "ಬರ್ರಿ ಅಮ್ಮಾರ, ಕೂಡ್ರಿ. ಎಂಥದು ತೋರಿಸ್ಲಿ? ಮದುವೀಗಾ?" ಅನ್ನುತ್ತಾ ಕೈ ಕಪಾಟಿಗೆ ಹಾಕಿದಳು. ಎರಡನೇ ಸೀರೆ ಎಳೆಯುವಾಗ ತಾನು ಏನು ಮಾಡುತ್ತಿದ್ದೇನೆಂದು ಗೊತ್ತಾಗಿರಬೇಕು, ಕೈ ಅಲ್ಲೇ ನಿಂತಿತು. ಚೈತ್ರಾ ತಲೆ ತಗ್ಗಿಸಿದಳು.

ನಾಗಭೂಷಣ್ ನಕ್ಕರು. "ನೋಡಿದ್ರಾ ಬೀಗರೇ? ಹದಿನೇಳು ವರ್ಷ. ಹೆಂಗೆ ತಯಾರು ಮಾಡೀನಿ ನೋಡ್ರಿ."

ಅವರು ಹೊಗಳಿದ್ದೇ ಹೌದು, ಆಣೆ ಮಾಡಿ ಹೇಳುತ್ತೇನೆ. ಹಂಪವ್ವನೂ ರೂಢಿಯಂತೆ ಅವರೊಂದಿಗೆ ನಕ್ಕಳು. ದುರುಗವ್ವ ಮಾತ್ರ ನಗಲಿಲ್ಲ. ಬಿದ್ದ ಸೀರೆಯನ್ನು ಎತ್ತಿ, ಕೊಡವಿ, ಮಡಿಚಿಟ್ಟರು. "ಇದು ಇವತ್ತು ಬ್ಯಾಡ. ನಮ್ಮ ಬೀಗತಿ ಸಮಾಧಾನದಾಗೆ ಕೂತು ಆರಿಸೋ ದಿನ ತಗಂತೀವಿ" ಎಂದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಹಂಪವ್ವ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ನಾನು ಮಾಲೀಕರನ್ನು ಬಾಯಿಗೆ ಬಂದಂತೆ ಬೈಯತೊಡಗಿದೆ. ಅವಳು ನನ್ನ ಕೈ ಹಿಡಿದು ತಡೆದಳು.

"ಅವರು ಎಬ್ಬಿಸ್ಲಿಲ್ಲಕ್ಕ. ನಾನೇ ಎದ್ದೆ. ಯಾರಾರ ಏಳು ಅಂದಿದ್ರೆ ಜಗಳನಾರ ಆಡಬೌದಿತ್ತು. ನನ್ನ ಮಗಳ ಜವಳಿ, ನನ್ನ ಸೀರೆ, ನಾನೇ ದಾಟ್ಕಂಡು ಹೋದೆನಲ್ಲ."

ಅಪ್ಪ ಸತ್ತಾಗ, ಕಾಲು ಊದಿದಾಗ ಬಿಡದವಳು ಅಂದೇ ತೀರ್ಮಾನ ಮಾಡಿದ್ದಳು. ಗಂಡ ಎರ್ರಿಸ್ವಾಮಿ ಗೂಡ್ಸ್ ಆಟೋ ಓಡಿಸುವವನು, ಕಡಿಮೆ ಮಾತಿನ ಮನುಷ್ಯ. "ಮದುವಿ ಮುಂದೈತೆ" ಎಂದನಂತೆ. ಸ್ವಲ್ಪ ಹೊತ್ತು ಅವಳ ಕಾಲು ನೋಡಿ, "ಆಯ್ತು ಬಿಡು, ಹೆಂಗೋ ಆಗ್ತತಿ" ಎಂದನಂತೆ.

ಮರುದಿನ ಅಂಗಡಿಗೆ ಹೋಗಿ ಕೆಲಸ ಬಿಡುವುದಾಗಿ ಹೇಳಿದಳು. ನಾಗಭೂಷಣ್ ಕಕ್ಕಾಬಿಕ್ಕಿಯಾದರು. "ಯಾಕಮ್ಮ, ನಾನೇನು ಕಡಿಮೆ ಮಾಡೀನಿ?" ಎಂದು ಕೇಳಿದರು. ದಾರಿಯುದ್ದಕ್ಕೂ ಕಟ್ಟಿಕೊಂಡು ಹೋಗಿದ್ದ ಮಾತೆಲ್ಲ ಇವಳಿಗೆ ಮರೆತೇ ಹೋಯಿತು. "ನಂಗೆ ಕೂಡ್ರಬೇಕು ಅಣ್ಣಾರ" ಎಂದಷ್ಟೇ ಬಾಯಿಗೆ ಬಂತು. ಅವರು ಕ್ಯಾಶ್ ಕೌಂಟರಿನ ಹಿಂದಿದ್ದ ಸ್ಟೂಲನ್ನು ತಾವೇ ಎತ್ತಿ ತಂದಿಟ್ಟರು. "ಕೂಡು. ಯಾರು ಬ್ಯಾಡ ಅಂದ್ರು? ಬಾಯಿಬಿಟ್ಟು ಕೇಳಬಾರದಾ?"

ಸಂಜೆ ಅವಳು ಇದನ್ನೆಲ್ಲ ಹೇಳುವಾಗ "ಕೂತ್ಯಾ?" ಎಂದು ನಾನು ಕೇಳಿದೆ.

"ಇಲ್ಲಕ್ಕ. ಅದರ ಮ್ಯಾಲೆ ಕೂತಿದ್ರೆ ಇನ್ನೂ ಹದಿನೇಳು ವರ್ಷ ಅಲ್ಲೇ ಇರ್ತಿದ್ದೆ."

ನಮ್ಮ ಹಂಪವ್ವ ಇಷ್ಟು ಬುದ್ಧಿವಂತೆ ಎಂದು ನನಗೆ ಅಂದೇ ಗೊತ್ತಾಗಿದ್ದು.

ನನ್ನ ಮಷಿನ್ ಪಕ್ಕದಲ್ಲೇ ಚಾಪೆ ಹಾಸಿ ಕುಚ್ಚು ಕಟ್ಟಲು ಶುರು ಮಾಡಿದಳು. ಕಾಲ ಹೆಬ್ಬೆರಳಿಗೆ ದಾರ ಸಿಕ್ಕಿಸಿ, ಬಿಗಿಯಾಗಿ ಎಳೆದು ಹೆಣೆಯುವುದು ಅವಳ ಪದ್ಧತಿ. ಮೊದಲ ಹದಿನೈದು ದಿನ ಯಾರು ಬಂದರೂ ಎದ್ದುಬಿಡುವಳು. ದಾರವೆಲ್ಲ ಸಿಕ್ಕಾಗುವುದು. ಹಾಲು ಕೊಡುವ ಹಿದಾಯತ್‌ಗೂ ಎದ್ದು ನಿಂತಳು. ಒಳಗೆ ಕರೆಯುತ್ತಿದ್ದಾಳೆ ಅಂದುಕೊಂಡು ಆತ ಗಾಬರಿಯಾಗಿ ಚಪ್ಪಲಿ ಬಿಟ್ಟು ಒಳಗೆ ಬಂದ. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಒಂದು ದಿನ ದುರುಗವ್ವ ಬಂದು ಅವಳನ್ನು ಹರಿಹರದ್ದೇ ಒಂದು ಅಂಗಡಿಗೆ ಕರೆದೊಯ್ದರು. ಹಂಪವ್ವ ಚಕ್ಕಳಮಕ್ಕಳ ಹಾಕಿ ಕೂತು ಹನ್ನೆರಡು ಸೀರೆ ಬಿಚ್ಚಿಸಿದಳು. ಒಂದನ್ನು ಆರಿಸಿದಳು. ಉಳಿದ ಹನ್ನೊಂದನ್ನೂ ತಾನೇ ಮಡಿಚಿಟ್ಟು ಎದ್ದಳು ಅನ್ನುವುದು ಬೇರೆ ಮಾತು. ಮದುವೆಯಲ್ಲಿ ಅದನ್ನೇ ಉಟ್ಟಿದ್ದಳು.

ಈಗ ಅವಳ ಕುಚ್ಚಿಗೆ ದಾವಣಗೆರೆ ಆಚೆಯ ಆವರಗೆರೆಯಿಂದಲೂ ಜನ ಬರುತ್ತಾರೆ. ಹೋದ ತಿಂಗಳು ಮನೆ ಮುಂದೆ ಕಾರು ನಿಂತಿತು. ಇಳಿದವರು ನಾಗಭೂಷಣ್. ಕಂಕುಳಲ್ಲಿ ಸೀರೆಗಳ ಗಂಟು. "ಗಿರಾಕಿಗಳು ಕುಚ್ಚು ಹಾಕಿಸಿಯೇ ಕೊಡ್ರಿ ಅಂತಾರೆ. ನಿನ್ನ ಹೆಸರೇ ಹೇಳ್ತಾರಮ್ಮ" ಎನ್ನುತ್ತಾ ಹೊಸ್ತಿಲ ಬಳಿ ನಿಂತರು.

ಹಂಪವ್ವನ ಕೈ ಕಾಲ ಹೆಬ್ಬೆರಳಿಗೆ ಹೋಗಿ ದಾರ ಬಿಡಿಸಿದ್ದು ನಾನು ಕಂಡೆ. ಒಂದು ಮೊಣಕಾಲು ಮೇಲೆದ್ದೂ ಇತ್ತು. ನಾನು ಮಷಿನ್ ನಿಲ್ಲಿಸಿದೆ. ಅವಳು ಆ ದಾರವನ್ನು ಒಂದು ಗಳಿಗೆ ನೋಡಿದಳು. ಮತ್ತೆ ಹೆಬ್ಬೆರಳಿಗೆ ಸಿಕ್ಕಿಸಿ, ಜಗ್ಗಿ ಬಿಗಿ ಮಾಡಿಕೊಂಡಳು.

"ಬರ್ರಿ ಅಣ್ಣಾರ, ಕೂಡ್ರಿ" ಎಂದು ಎದುರಿನ ಚಾಪೆ ತೋರಿಸಿದಳು.

ಅವರು ಕೂತರು. ಹಂಪವ್ವ ಕೂತಲ್ಲಿಂದಲೇ ಗಂಟಿಗೆ ಕೈ ಚಾಚಿದಳು.