ನಂಬರಿಲ್ಲದ ಮನೆಗಳು

ಸ್ಪೇನಿನ ಊರೂರಿನ ಹಳೇ ಮನೆಗಳನ್ನು ಅಳೆದು, ಹಾಗೇ ಮತ್ತೆ ಕಟ್ಟಿ ನಿಲ್ಲಿಸಿರುವ ಬಾರ್ಸಿಲೋನಾದ ಈ ಬಯಲು ಮ್ಯೂಸಿಯಂನಲ್ಲಿ ಒಂದು ಬಾಗಿಲಿನಂತೆ ಇನ್ನೊಂದಿಲ್ಲ. ಸಿಂಗಪುರದಲ್ಲಿ ಒಂದೇ ಅಚ್ಚಿನ ಫ್ಲ್ಯಾಟ್‌ಗಳನ್ನು ಕಟ್ಟುವ ಎಂಜಿನಿಯರ್ ನಾನು. ಬೆರಗಾಗಿ ನಿಂತವನಿಗೆ ಆರು ವರ್ಷದ ಮಗಳು ಪಕ್ಕದಲ್ಲಿಲ್ಲ ಎಂಬುದು ತಿಳಿದದ್ದೇ ತಡವಾಗಿ.

ತಪ್ಪಿಸಿಕೊಂಡರೆ ಮೊದಲು ನೋಡಿದ ಮನೆಯ ಹತ್ತಿರ ಬಾ ಎಂದಿದ್ದೆ. ಆದರೆ ಸಿಂಗಪುರದ ನಮ್ಮ ಬಡಾವಣೆ ಚೋವಾ ಚು ಕಾಂಗಿನಲ್ಲಿ ಅವಳು ಮನೆ ಗುರುತಿಸುವುದು ಗೋಡೆಯ ಮೇಲಿನ ದೊಡ್ಡ ಬ್ಲಾಕ್ ನಂಬರಿನಿಂದ. ಇಲ್ಲಿ ನಂಬರೇ ಇಲ್ಲ! ಓಡಿದೆ.

ಅದೇ ಮನೆಯ ಮೆಟ್ಟಿಲ ಮೇಲೆ ಆರಾಮಾಗಿ ಕೂತಿದ್ದಳು.

“ಹೇಗೆ ಗೊತ್ತಾಯ್ತು ಪುಟ್ಟಿ?”

“ಈಸಿ ಲಾ, ಅಪ್ಪಾ!” ಸಿಂಗಪುರದ ರಾಗದಲ್ಲಿ ಅಂದಳು. “ಈ ಮನೆಗೆ ಫೇಸ್ ಇದೆ.”

ತಲೆಯೆತ್ತಿದೆ. ಎರಡು ಕಿಟಕಿ, ನಡುವೆ ಚಾಚಿದ ಬಾಲ್ಕನಿ, ಕೆಳಗೆ ಕಮಾನಿನ ಬಾಗಿಲು. ಬೆಳಿಗ್ಗೆ ಅದರ ಕಲ್ಲುಗಳದ್ದೇ ಇಪ್ಪತ್ತು ಫೋಟೋ ತೆಗೆದಿದ್ದೆ. ಒಂದರಲ್ಲೂ ಮುಖವಿಲ್ಲ.